ಇಪ್ಪತ್ತೆರಡು ನೀಲಿ ಇಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ. ನಾನು ಕತೆ ಕಟ್ಟುವವನಲ್ಲ. ಇಪ್ಪತ್ತೇಳು ವರ್ಷ ಈ ಕಾಲುವೆಯಲ್ಲಿ ವಾಸದ ದೋಣಿಗಳ ತಪಾಸಣೆ ಮಾಡಿದವನು. ಅಳತೆಪಟ್ಟಿಗೆ ಸಿಗದ್ದನ್ನು ಒಂದು ದಿನವೂ ಕಾಗದದ ಮೇಲೆ ಬರೆದವನಲ್ಲ. ನೀವು ದೋಣಿ ಕೊಳ್ಳಬೇಕು, ಸಲಹೆ ಕೊಡಿ ಎಂದು ಬಂದಿದ್ದೀರಿ. ಸಲಹೆ ಕೊಡುತ್ತೇನೆ. ಆದರೆ ಅದಕ್ಕೂ ಮುಂಚೆ ಇದನ್ನು ಕೇಳಿ. ಇದು ನಡೆದದ್ದು ನನ್ನ ಹೆಂಡತಿ ಮೇವಿಸ್‌ಳ ಚಿಕ್ಕಪ್ಪನ ಮಗಳು ಹೆಟ್ಟಿಗೆ. ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು.

ನವೆಂಬರ್ ತಿಂಗಳು. ದೋಣಿವಾಸಿಗಳ ಸಭೆ ಮುಗಿಸಿಕೊಂಡು ದಂಡೆಯ ಹಾದಿಯಲ್ಲಿ ಒಬ್ಬನೇ ಬರುತ್ತಿದ್ದೆ. ರಾತ್ರಿ ಹತ್ತೂವರೆ. ಆಡ್ಲಮ್‌ನ ಕೊನೆಯ ಲಾಕ್ ದಾಟಿದೆ, ದೋಣಿ ಏರಿಸಿ ಇಳಿಸಲು ನೀರು ಕಟ್ಟಿ ನಿಲ್ಲಿಸುವ ಗೇಟುಕಟ್ಟೆ ಅದು. ಮುಚ್ಚಿದ ಗೇಟಿನ ಸಂದಿಯಿಂದ ನೀರು ಸೋರುತ್ತಿತ್ತು. ಸ್ಸ್ಸ್... ಟಪ್. ಸ್ಸ್ಸ್... ಟಪ್. ಅದು ಬಿಟ್ಟರೆ ಸದ್ದಿಲ್ಲ. ಒಂದರ ಹಿಂದೆ ಒಂದು ದೋಣಿ, ಕಲ್ಲಿದ್ದಲ ಹೊಗೆ, ಕತ್ತಲಲ್ಲಿ ಯಾರೂ ಎಡವದಿರಲೆಂದು ಗೂಟಗಳಿಗೆ ಕಟ್ಟಿದ ಬಿಳಿ ಪ್ಲಾಸ್ಟಿಕ್ ಚೀಲ. ಸಾಲಿನ ಕೊನೆಗೆ, ವಿಲ್ಲೋ ಮರದ ಕೆಳಗೆ, ಹೆಟ್ಟಿಯ ದೋಣಿ 'ಲಿನೆಟ್'.

ಟಾರ್ಚಿನ ಬೆಳಕು ಬಿಟ್ಟೆ. ನಿಂತುಬಿಟ್ಟೆ.

ದೋಣಿಯ ಪಕ್ಕೆಯ ಮೇಲೆ, ನೀರಿಗಿಂತ ನಾಲ್ಕು ಬೆರಳು ಎತ್ತರಕ್ಕೆ, ಒಂದು ಬಿಳಿ ಗೆರೆ ಇರಬೇಕಿತ್ತು. ಆ ಮಧ್ಯಾಹ್ನ ನಾನೇ ಅಳೆದಿದ್ದ ಗೆರೆ. ಈಗ ಅದು ಕಾಣಲಿಲ್ಲ... ನೀರೊಳಗಿತ್ತು.

ಮಧ್ಯಾಹ್ನ ಏನು ನಡೆಯಿತೆಂದು ಹೇಳಬೇಕು. ತಪ್ಪು ನನ್ನದು, ಅದನ್ನೂ ಹೇಳಬೇಕು.

ಹೆಟ್ಟಿ ಮೂವತ್ತು ವರ್ಷ ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದವಳು. ಇದ್ದೊಂದು ಮನೆ ಮಾರಿ ಈ ದೋಣಿ ಕೊಂಡಿದ್ದಳು. ಇದು ಮುಳುಗಿದರೆ ಅವಳಿಗೆ ಬೇರೆ ನೆಲೆಯಿಲ್ಲ. ಮಾರಿದವನು ಸಿರಿಲ್ ಪ್ರಾಬರ್ಟ್ ಎಂಬ ಮುದುಕ. ಕಾಲು ಸೋತು, ಲಾಕ್‌ನ ಗೇಟು ತಳ್ಳಲಾಗದೆ, ವಿಟ್‌ಚರ್ಚ್‌ನಲ್ಲಿದ್ದ ಮಗಳ ಮನೆ ಸೇರಿದ್ದ. ಬೀಗದ ಕೈ ಕೊಡುವಾಗ ಒಂದೇ ಮಾತು ಹೇಳಿದನಂತೆ: ಹಿಂದಿನ ಕೋಣೆಯ ನೆಲದಡಿ ಇರೋದನ್ನ ಮುಟ್ಟಬೇಡಿ.

ನಾನು ಮುಟ್ಟಿದೆ. ತಪಾಸಣೆಗೆಂದು ಹಲಗೆ ಎತ್ತಿದೆ. ದೋಣಿ ನೆಟ್ಟಗೆ ನಿಲ್ಲಲೆಂದು ತಳದಲ್ಲಿ ಭಾರ ಇಡುವುದು ಎಲ್ಲರೂ ಮಾಡುವ ಕೆಲಸ. ಎಡಕ್ಕೂ ಬಲಕ್ಕೂ ಸಮನಾಗಿ ಇಡಬೇಕು. ಇಲ್ಲಿ ಇಪ್ಪತ್ತೆರಡು ನೀಲಿ ಇಟ್ಟಿಗೆ. ಎಲ್ಲವೂ ಬಲಗಡೆ. ಎಡಗಡೆ ಒಂದೂ ಇಲ್ಲ.

"ಯಾವ ಪುಣ್ಯಾತ್ಮನ ಕೆಲಸ ಇದು?" ಅಂದೆ.

"ಸಿರಿಲ್‌ದು. ಮುಟ್ಟಬೇಡಿ ಅಂದಿದ್ದ."

"ಅವನೇನು ಎಂಜಿನಿಯರಾ?"

"ಇಲ್ಲಪ್ಪ, ಬ್ರೆಡ್ ವ್ಯಾನ್ ಓಡಿಸ್ತಿದ್ದ. ಆದ್ರೆ ದೋಣಿ ನೆಟ್ಟಗೇ ಇದೆಯಲ್ಲ ಐವರ್? ನಿನ್ನ ರಸಮಟ್ಟಾನೇ ಹೇಳ್ತಿದೆ, ನೋಡು."

ನಿಜ. ರಸಮಟ್ಟದ ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು. ನನಗೆ ಕಿರಿಕಿರಿಯಾದದ್ದು ಅದಕ್ಕೇ. ಒಂದೇ ಕಡೆ ಇಪ್ಪತ್ತೆರಡು ಇಟ್ಟಿಗೆ ಇಟ್ಟ ದೋಣಿ ಒಂದೂವರೆ ಇಂಚು ಬಲಕ್ಕೆ ವಾಲಲೇಬೇಕು. ವಾಲಿಲ್ಲ ಅಂದರೆ ಎಡಗಡೆ ಅಷ್ಟೇ ಭಾರ ಎಲ್ಲೋ ಇರಬೇಕು. ಹುಡುಕಿದೆ. ನೀರಿನ ತೊಟ್ಟಿ ಮುಂದೆ, ಬ್ಯಾಟರಿ ಹಿಂದೆ. ಆ ಕೋಣೆಯಲ್ಲಿ ಇದ್ದದ್ದು ಎದುರುಬದುರು ಎರಡು ಕಿರಿದಾದ ಮಂಚ, ನಡುವೆ ಒಬ್ಬರು ನಡೆಯುವಷ್ಟು ಜಾಗ. ಎರಡೂ ಮಂಚ ಖಾಲಿ. ಒಲೆ ಮುಂದಿನ ಕೋಣೆಯಲ್ಲಿದ್ದುದರಿಂದ ಹೆಟ್ಟಿ ಅಲ್ಲೇ ಮಲಗುತ್ತಿದ್ದಳು.

"ಸರಿ ಇದ್ರೆ ಸಾಲದು ಹೆಟ್ಟಿ. ಸರಿಯಾದ ಕಾರಣಕ್ಕೆ ಸರಿ ಇರಬೇಕು."

"ಆಹಾ! ಇನ್ಸ್‌ಪೆಕ್ಟರ್ ಸಾಹೇಬ್ರ ಪ್ರವಚನ ಶುರು. ಮೇವಿಸ್ ನಿನ್ನನ್ನ ಹೇಗೆ ಸಹಿಸ್ಕೋತಾಳೋ!"

ಹನ್ನೊಂದು ಇಟ್ಟಿಗೆ ಎತ್ತಿ ಎಡಕ್ಕೆ ಜೋಡಿಸಿದೆ. ಅರ್ಧ ಅಲ್ಲಿ, ಅರ್ಧ ಇಲ್ಲಿ. ಲೆಕ್ಕ ಸರಿಯಾಯಿತು. ದೋಣಿ ಎಡಕ್ಕೆ ವಾಲಿತು.

ಸಂಜೆಯಾಗುತ್ತಿತ್ತು. ಸಭೆಗೆ ಹೊತ್ತಾಗುತ್ತಿತ್ತು. ಅಡುಗೆಮನೆಯ ಸಿಂಕಿನ ನೀರು ಹೊರಗೆ ಹೋಗುವ ತೂತು ಎಡಗಡೆಯಲ್ಲೇ ಇತ್ತು. ದೋಣಿ ವಾಲಿದ ಮೇಲೂ ಅದು ನೀರಿಗಿಂತ ಎರಡು ಬೆರಳು ಮೇಲಿತ್ತು. ಸಾಕು ಅಂದುಕೊಂಡೆ. "ನಾಳೆ ಬಂದು ಕಾರಣ ಹುಡುಕ್ತೀನಿ," ಎಂದು ಹೇಳಿ ಹೊರಟೆ. ಕಾರಣ ಸಿಗುವವರೆಗೆ ಇಟ್ಟಿಗೆಗಳನ್ನು ಇದ್ದಲ್ಲೇ ಇಡಬೇಕಿತ್ತು. ಬೇರೆಯವರು ಹೀಗೆ ಮಾಡಿದ್ದರೆ ನಾನು ಕ್ಷಮಿಸುತ್ತಿರಲಿಲ್ಲ.

ಈಗ ರಾತ್ರಿ ಹತ್ತೂವರೆಗೆ, ಆ ಬಿಳಿ ಗೆರೆ ನೀರೊಳಗೆ.

ನಮ್ಮಲ್ಲಿ ಒಂದು ರೂಢಿ ಇದೆ. ಎಷ್ಟೇ ಆತುರವಿರಲಿ, ಇನ್ನೊಬ್ಬರ ದೋಣಿಗೆ ಕಾಲಿಡುವ ಮುಂಚೆ ಚಾವಣಿ ತಟ್ಟಬೇಕು. ಏಳು ಅಡಿ ಅಗಲವೂ ಇಲ್ಲದ ದೋಣಿ ಇದು. ಯಾರು ಹತ್ತಿದರೂ ಹತ್ತಿದ ಕಡೆಗೆ ವಾಲುತ್ತದೆ. ತಟ್ಟದೆ ಹತ್ತಿದರೆ ಒಳಗಿದ್ದವರ ಎದೆ ಧಸಕ್ಕೆನ್ನುತ್ತದೆ. ತಟ್ಟಿದೆ. ಟಕ್. ಟಕ್.

ದೋಣಿಯ ಪಕ್ಕೆಯ ಬಾಗಿಲು ಒಂದು ಗೇಣು ತೆರೆಯಿತು. ಹೆಟ್ಟಿಯ ಮುಖ. ಪಿಸುಮಾತು.

"ಐವರ್... ನೀನಾ?"

"ನಾನೇ."

"ಇಷ್ಟು ಹೊತ್ತೂ... ನೀನೇನಾ ಹತ್ತುತ್ತಾ ಇದ್ದಿದ್ದು?"

"ಈಗ ತಾನೇ ಬಂದೆ. ಇನ್ನೂ ದಂಡೆ ಮೇಲಿದ್ದೀನಿ."

ಅವಳು ಬಗ್ಗಿ ನನ್ನ ಕಾಲು ನೋಡಿದಳು. ಎರಡೂ ಕಾಲು ನೆಲದ ಮೇಲಿದ್ದವು.

"ಹಾಗಾದ್ರೆ ಒಂಬತ್ತು ಗಂಟೆಯಿಂದ ಯಾರು..."

ಮಾತು ಮುಗಿಯಲಿಲ್ಲ. ದೋಣಿ ನನ್ನ ಕಡೆಗೆ ಮೆಲ್ಲಗೆ ಬಾಗಿತು. ಹಗ್ಗ ಕಿರ್ರ್... ಎಂದಿತು. ಒಳಗಿನಿಂದ ಇನ್ನೊಂದು ಸದ್ದು. ಗ್ಲಪ್... ಗ್ಲಪ್... ಗ್ಲಪ್...

ಆ ಸದ್ದು ಏನೆಂದು ನನಗೆ ಗೊತ್ತಿತ್ತು. ಹಾರಿ ಒಳಗೆ ಹೋದೆ. ಸಿಂಕಿನ ತೂತು ನೀರಿಗಿಳಿದಿತ್ತು. ಒಳಗಿನ ರಬ್ಬರ್ ಪೈಪಿನಲ್ಲಿ ಹಳೆಯ ಬಿರುಕು. ಕಾಲುವೆಯ ನೀರು ಅದರಿಂದ ಒಳಗೆ ಬರುತ್ತಿತ್ತು. ಎಡಗಡೆಯ ಹಲಗೆಗಳ ಮೇಲೆ ಆಗಲೇ ಹಿಮ್ಮಡಿ ಮುಳುಗುವಷ್ಟು ನೀರು.

"ಟವೆಲ್ ಕೊಡು. ಪಂಪ್ ಹೊಡಿ."

ಪೈಪಿಗೆ ಟವೆಲ್ ಬಿಗಿದೆ. ಅವಳು ಕೈಪಂಪು ಹೊಡೆದಳು. ಚಿಕ್-ಚಕ್, ಚಿಕ್-ಚಕ್. ನೀರು ನಿಂತಿತು. ವಾಲುವುದು ನಿಲ್ಲಲಿಲ್ಲ. ಕಪಾಟಿನಿಂದ ಒಂದು ತಟ್ಟೆ ಜಾರಿ ಬಿದ್ದು ಒಡೆಯಿತು.

"ಇಟ್ಟಿಗೆ," ಅಂದಳು. "ಇಟ್ಟಿಗೆ ವಾಪಸ್ ಇಡು, ಐವರ್. ಮೊದ್ಲು ಅದನ್ನ ಮಾಡು."

ಹಿಂದಿನ ಕೋಣೆಗೆ ಹೋದೆವು. ಅವಳು ಟಾರ್ಚು ಹಿಡಿದಳು. ಎಡಗಡೆಯ ಮಂಚ ಖಾಲಿ. ಆದರೆ ಅದರ ಹಲಗೆ ಕಿರುಗುಟ್ಟುತ್ತಿತ್ತು. ಕಿರ್... ಕಿರ್... ಜಾರುತ್ತಿರುವ ಮನುಷ್ಯ ಮಂಚದ ಅಂಚು ಹಿಡಿದು ಮೈ ಮೇಲೆಳೆದುಕೊಂಡರೆ ಹೇಗೋ, ಹಾಗೆ. ನಾನು ಆ ಕಡೆ ನೋಡಲಿಲ್ಲ. ಇಟ್ಟಿಗೆ ನೋಡಿದೆ. ಒಂದು... ಎರಡು... ಬಲಕ್ಕೆ ಸಾಗಿಸಿದೆ. ಒಂದೊಂದಕ್ಕೂ ದೋಣಿ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಹನ್ನೊಂದನೆಯದು ಇಟ್ಟಾಗ ಕಿರುಗುಟ್ಟುವುದು ನಿಂತಿತು.

ಕತ್ತಲಲ್ಲಿ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಹ್ಹಾ...

"ಅಬ್ಬಾ ಅನ್ನಿಸ್ತಾ?" ಎಂದು ಕೇಳಿದೆ.

"ಐವರ್," ಹೆಟ್ಟಿ ಪಿಸುಗುಟ್ಟಿದಳು, "ನಾನಿನ್ನೂ ಉಸಿರೇ ಬಿಟ್ಟಿಲ್ಲ."

ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಡುವೆ.

ಮರುದಿನ ಇಬ್ಬರೂ ಸಿರಿಲ್‌ನ ಮಗಳ ಮನೆಗೆ ಹೋದೆವು. ಮುದುಕ ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದ. ನಾವು ಕೂರುವುದಕ್ಕೂ ಬಿಡಲಿಲ್ಲ.

"ಮುಟ್ಟಿದ್ರಾ?"

"ಮುಟ್ಟಿದೆ," ಅಂದೆ.

"ಎಷ್ಟು?"

"ಹನ್ನೊಂದು ಎಡಕ್ಕಿಟ್ಟೆ. ರಾತ್ರಿ ವಾಪಸ್ ಇಟ್ಟೆ."

"ಪಾಪ... ಜಾರಿರ್ತಾಳೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಟ್ಟಿ ಅವನ ಕಂಬಳಿ ಸರಿಮಾಡುತ್ತ ಕೇಳಿದಳು: "ಯಾರು, ಸಿರಿಲ್?"

"ನನ್ನ ಹೆಂಡ್ತಿ ಓಲ್ವೆನ್. ಲಕ್ವ ಹೊಡೆದು ಆರು ವರ್ಷ ಮಲಗಿದ್ದಲ್ಲೇ ಇದ್ಲು. ಎಡಗಡೆ ಮಂಚ, ಕಿಟಕಿ ಇದೆಯಲ್ಲ, ಬಾತುಕೋಳಿ ಕಾಣ್ಸುತ್ತೆ ಅಂತ. ದೋಣಿ ವಾಲೋದು, ಅವಳು ಜಾರೋಳು. ಅವಳ ಪಕ್ಕ ಒಂದು ಲೋಟ ನೀರಿಟ್ಟು, ಬಲಗಡೆ ಒಂದೊಂದೇ ಇಟ್ಟಿಗೆ ಇಡ್ತಾ ಬಂದೆ. ನೀರು ಮಟ್ಟಕ್ಕೆ ಬರೋಕೆ ಇಪ್ಪತ್ತೆರಡು ಬೇಕಾಯ್ತು. 'ಊರಿಗೆಲ್ಲ ನನ್ನ ತೂಕ ಹೇಳ್ಕೊಂಡು ಬಾ' ಅಂತ ಬೈದ್ಲು."

ನಕ್ಕ. ಆಮೇಲೆ ನನ್ನ ಕಡೆ ತಿರುಗಿದ.

"ನೀವು ತಿಳಿದವರು. ಅವಳು ತೀರಿಕೊಂಡ ಮೇಲೆ ಹೊತ್ತು ಕೆಳಗಿಳಿಸಿದ ದಿನ... ದೋಣಿ ಬಲಕ್ಕೆ ವಾಲಬೇಕಿತ್ತು, ಅಲ್ವಾ?"

"ವಾಲಲೇಬೇಕು."

"ಕಾದೆ. ರಾತ್ರಿಯೆಲ್ಲ ಆ ಲೋಟ ನೋಡ್ತಾ ಕೂತಿದ್ದೆ... ವಾಲಲಿಲ್ಲ."

ಮಗಳು ಟೀ ತಂದಿಟ್ಟು ಹೋದಳು. ಯಾರೂ ಮುಟ್ಟಲಿಲ್ಲ.

"ಎದುರಿನ ಮಂಚ ನಿಮ್ಮದಾ?" ಹೆಟ್ಟಿ ಕೇಳಿದಳು.

"ನನಗೆ ಅಂತಲೇ ಮಾಡಿದ್ದು. ಹಗಲೆಲ್ಲ ನಾನು ಹಿಂದೆ ಚುಕ್ಕಾಣಿ ಹಿಡೀಬೇಕಲ್ಲ, ಅದಕ್ಕೆ ಇಟ್ಟಿಗೆ ಬೇಕೇ ಬೇಕು. ಇಟ್ಟಿಗೆ ಇರುವಾಗ ನಾನೂ ಆ ಕಡೆ ಮಲಗಿದ್ರೆ ದೋಣಿ ಬಲಕ್ಕೆ ವಾಲುತ್ತೆ. ಆರು ವರ್ಷ ನಡುವಿನ ನೆಲದ ಮೇಲೆ ಮಲಗಿದೆ ಅಮ್ಮಾ. ಆ ಮಂಚದ ಮೇಲೆ ಒಂದು ರಾತ್ರಿನೂ ಮಲಗಲಿಲ್ಲ."

ಹೊರಗೆ ಬಂದ ಮೇಲೆ ಹೆಟ್ಟಿಗೆ ಹೇಳಿದೆ: "ದೋಣಿ ಮಾರಿಬಿಡು. ಅಲ್ಲಿವರೆಗೆ ನಮ್ಮ ಜೊತೆ ಇರು."

"ಮಾರಿ? ತಗೊಂಡವನು ಹಲಗೆ ಎತ್ತಲ್ವಾ?" ಅಂದಳು. "ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದೋಳು ನಾನು. ಆಯಮ್ಮ ಗಂಟೆ ಬಾರಿಸಲ್ಲ, ಟೀ ತಣ್ಣಗಿದೆ ಅಂತ ಬೈಯಲ್ಲ. ಬೀಳದ ಹಾಗೆ ನೋಡ್ಕೊಂಡ್ರೆ ಸಾಕು. ನೀನು ಪೈಪ್ ಬದಲಾಯಿಸಿ ಕೊಡು."

ಬದಲಾಯಿಸಿ ಕೊಟ್ಟೆ. ಚಳಿಗಾಲ ಕಳೆಯಿತು. ವಾರಕ್ಕೊಮ್ಮೆ ರಸಮಟ್ಟ ಇಟ್ಟು ನೋಡುತ್ತಿದ್ದೆ. ಗುಳ್ಳೆ ನಡುವೆಯೇ ಇರುತ್ತಿತ್ತು.

ಮಾರ್ಚ್‌ನ ಒಂದು ಬೆಳಿಗ್ಗೆ ನನ್ನ ದೋಣಿಯ ಚಾವಣಿ ತಟ್ಟಿದ ಸದ್ದು. ಹೆಟ್ಟಿ. ಮೈಮೇಲೆ ರಾತ್ರಿಯ ಉಡುಪು, ಅದರ ಮೇಲೆ ಕೋಟು.

"ರಸಮಟ್ಟ ತಗೊಂಡು ಬಾ."

'ಲಿನೆಟ್' ಬಲಕ್ಕೆ ವಾಲಿತ್ತು. ಅಳೆದೆ. ಒಂದೂವರೆ ಇಂಚು. ಹಲಗೆ ಎತ್ತಿದೆ. ಇಪ್ಪತ್ತೆರಡು ಇಟ್ಟಿಗೆಯೂ ಇಟ್ಟಲ್ಲೇ ಇದ್ದವು.

"ಯಾವಾಗಿನಿಂದ?"

"ಬೆಳಗಿನ ಜಾವ. ಯಾರೋ ಹತ್ತಿದ್ರು. ಒಂದೇ ಸಲ. ನಡ್ಕೊಂಡು ಹಿಂದಿನ ಕೋಣೆಗೆ ಹೋದ್ರು. ಆಮೇಲೆ... ಬೂಟು ಬಿಚ್ಚಿ ಹಾಕಿದ ಸದ್ದು. ಧಪ್." ಸ್ವಲ್ಪ ತಡೆದಳು. "ಧಪ್."

ಇಟ್ಟಿಗೆ ಹೊರಗೆ ತೆಗೆಯುತ್ತಾ ಬಂದೆ. ಹತ್ತು... ಹದಿನೈದು... ಇಪ್ಪತ್ತು... ಇಪ್ಪತ್ತೆರಡನೆಯದನ್ನು ದಂಡೆಯ ಮೇಲಿಟ್ಟಾಗ ಗುಳ್ಳೆ ನಡುವೆ ಬಂದು ನಿಂತಿತು.

ಹತ್ತು ಗಂಟೆಗೆ ಹೆಟ್ಟಿಯ ಫೋನು ರಿಂಗಾಯಿತು. ಸಿರಿಲ್‌ನ ಮಗಳು. ಅಪ್ಪ ರಾತ್ರಿ ನಿದ್ದೆಯಲ್ಲೇ ಹೋದರು ಎಂದಳು. ಎಷ್ಟು ಹೊತ್ತಿಗೆ ಎಂದು ನಾನು ಕೇಳಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಈಗ ನೀವು ಹೋಗಿ ಆ ದೋಣಿ ನೋಡಿದರೆ ಏನೂ ಕಾಣುವುದಿಲ್ಲ. ನೆಲದಡಿ ಒಂದು ಇಟ್ಟಿಗೆಯೂ ಇಲ್ಲ, ದೋಣಿ ನೆಟ್ಟಗಿದೆ. ಯಾವ ತಪಾಸಕ ಬಂದರೂ ಸಹಿ ಹಾಕಿ ಹೋಗುತ್ತಾನೆ. ಆ ಇಟ್ಟಿಗೆಗಳು ನನ್ನ ಬಾಗಿಲ ಮುಂದೆ, ದಂಡೆಯ ಮೇಲಿವೆ. ಹೋಗುವಾಗ ಎಣಿಸಿಕೊಳ್ಳಿ.

ಸಲಹೆ ಕೇಳಿದಿರಲ್ಲ, ಬರೆದುಕೊಳ್ಳಿ. ಸಿಂಕಿನ ಪೈಪು ಮೊದಲು ನೋಡಿ. ಒಲೆಯ ವಿಷಗಾಳಿಗೆ ಕೂಗುವ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಗೂಟಕ್ಕೆ ಬಿಳಿ ಚೀಲ ಕಟ್ಟಿ. ಮಲಗುವ ಮುಂಚೆ ದಂಡೆಗಿಳಿದು ನಿಮ್ಮ ದೋಣಿಯ ಬಿಳಿ ಗೆರೆ ನೋಡಿ. ಮಾರುವವನು ಏನನ್ನಾದರೂ ಮುಟ್ಟಬೇಡಿ ಅಂದರೆ, ಯಾಕೆ ಎಂದು ಅವನು ಬದುಕಿರುವಾಗಲೇ ಕೇಳಿ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಅಳೆದದ್ದನ್ನಷ್ಟೇ ಹೇಳಿದ್ದೇನೆ. ನಾಳೆ ಸಂಜೆ ಆರಕ್ಕೆ, ಹೆಟ್ಟಿ ಅಂಗಡಿಯಿಂದ ಬರುವ ಹೊತ್ತಿಗೆ, ಆ ವಿಲ್ಲೋ ಮರದ ಹತ್ತಿರ ನಿಂತು ನೋಡಿ. ಒಂಟಿ ಹೆಂಗಸು. ತನ್ನದೇ ದೋಣಿ. ಒಳಗೆ ಯಾರೂ ಇಲ್ಲ. ಆದರೂ ಕೈಚೀಲ ಕೆಳಗಿಟ್ಟು ಚಾವಣಿಯನ್ನು ಎರಡು ಸಲ ತಟ್ಟುತ್ತಾಳೆ... ಸ್ವಲ್ಪ ಕಾಯುತ್ತಾಳೆ... ಆಮೇಲೆ ಹತ್ತುತ್ತಾಳೆ.