ಪಿಕ್ಚರ್ ನೋಡುವಾಗ ಮಾತಾಡಬಾರದು

...ಇಲ್ಲ ಮಹಿಮಾ, ಆ ಕುಕ್ಕರಿನ ಸುದ್ದಿ ಇನ್ನು ಸಾಕು! ನಿನ್ನೆಯಿಂದ ಅದೇ ರಾಗ. ಬೇಳೆ ಸೀದು ಹೋಯ್ತು, ಹೌದು, ಒಪ್ಪಿದೆ. ಮನೆಯಿಡೀ ಹೊಗೆ ತುಂಬಿತು, ಅದೂ ಒಪ್ಪಿದೆ. ವಿಸಿಲೇ ಹಾಕ್ಲಿಲ್ಲ ಅದು, ನಾನೆಂತ ಮಾಡುದು? ಗ್ಯಾಸ್ಕೆಟ್ ಹಾಳಾಗಿರ್ಬೇಕು... ಎಂತ? ಹೊಸತಾ? ಹೋದ ವಾರ ಹಾಕಿಸಿದ್ದಾ? ಹಾಂ, ಹಾಗಾದ್ರೆ ಅದೇ ನೋಡು! ಈಗಿನ ಹೊಸ ಸಾಮಾನೆಲ್ಲ ಹಾಗೆಯೇ. ಹಳೆಯದೇ ಇಡ್ಬೇಕಿತ್ತು.

ಬಾ, ಕೂತ್ಕೊ. ಅಲ್ಲಲ್ಲ, ಬದಿಯಲ್ಲಿ ಅಲ್ಲ. ಇಲ್ಲಿ, ಎದುರು. ಮೋರೆ ಕಾಣುವ ಹಾಗೆ ಕೂತು ಮಾತಾಡು. ಮತ್ತೆ ಆ ಕೈ ತೆಗಿ ಬಾಯಿಯಿಂದ! ನಿನ್ನ ಕನ್ನಡವೋ... ಅರ್ಧ ಗುಜರಾತಿ, ಕಾಲು ಹಿಂದಿ, ಉಳಿದದ್ದು ಇಂಗ್ಲಿಷು. ಅದನ್ನೂ ಬಾಯೊಳಗೇ ಗುಳುಗುಳು ಮಾಡಿದ್ರೆ ಯಾರಿಗೆ ಅರ್ಥ ಆಗ್ತದೆ? ನಿನ್ನ ತಪ್ಪಲ್ಲ ಬಿಡು. ಬರೋಡದಲ್ಲಿ ಹುಟ್ಟಿ ಬೆಳೆದವಳು. ನಿನ್ನ ಅಪ್ಪ ಮಕರಪುರದ ಫ್ಯಾಕ್ಟರಿಗೆ ಹೋದ್ರೆ ಬರುವಾಗ ನೀನು ಮಲಗಿರ್ತಿದ್ದಿ, ಮತ್ತೆ ಕನ್ನಡ ಕಲಿಸುದು ಯಾರು? ಕೋಪ ಬಂತಾ? ಬಂದ್ರೆ ಬರ್ಲಿ. ಅತ್ತೆ ಹೇಳಿದ್ರೆ ಕೋಪ ಬರ್ಬೇಕು ಅಂತಲೇ ಶಾಸ್ತ್ರ.

ಎಂತ, ಬೆರಳು ತೋರಿಸುದು? ಬೊಬ್ಬೆ ಹಾಕ್ತಾ ಇದ್ದೇನಾ ನಾನು? ಮಾರಾಯ್ತಿ, ನವರಂಗಪುರದ ನಮ್ಮ ಹೋಟೆಲಿನಲ್ಲಿ ನಿನ್ನ ಮಾವನ ಜೊತೆ ನಿಂತು "ಎರಡು ಮಸಾಲೆ, ಒಂದು ರವಾ" ಅಂತ ಇಡೀ ಆಯುಷ್ಯ ಕೂಗಿದ ಗಂಟಲು ಇದು. ಹೊರಗೆ ರಿಕ್ಷಾಗಳ ಗದ್ದಲ, ಒಳಗೆ ಗ್ರೈಂಡರಿನ ಗದ್ದಲ. ಆ ಗಂಟಲು ಈಗ ಪಿಸಿಪಿಸಿ ಅಂದ್ರೆ ಹೇಗೆ? ಆಯ್ತು, ಆಯ್ತು. ಮೆಲ್ಲ.

ಈಗ ಸರಿಯಾಗಿ ಕೇಳು. ನಾಡಿದ್ದು ಸೋಮವಾರ ನೀನು ಆಫೀಸಿಗೆ ಹೋಗುದು. ನೀಲಾ ನನ್ನ ಹತ್ರ ಇರುದು. ಹೆರಿಗೆಗೆ ಮೊದಲೇ ಆದ ಮಾತು ಇದು, ನಿನ್ನ ಗಂಡ ಪ್ರಜ್ವಲನ ಎದುರೇ ಆದದ್ದು. ಈಗ ಎಂತಕ್ಕೆ ಕೆಳಗಿನ ಮಹಡಿಯ ಬೇಬಿ ಕೇರಿನ ಸುದ್ದಿ? ಸ್ವಂತ ಅಜ್ಜಿ ಗಟ್ಟಿಮುಟ್ಟಾಗಿ ಮನೆಯಲ್ಲಿ ಇರುವಾಗ, ಹಲ್ಲು ಬರುವ ಮಗುವನ್ನು ಯಾರದೋ ಕೈಗೆ ಹಾಕುದಾ? ನಾಲ್ಕು ಜನ ಕೇಳಿದ್ರೆ ಎಂತ ಹೇಳುದು ನಾನು?

...ಪಕ್ಕದ ಮನೆಯ ರಜನಿಬೆನ್? ಅವಳು ಎಂತ ಹೇಳಿದಳು? ಬೆಲ್ ಒತ್ತಿ ಒತ್ತಿ ಸಾಕಾಗಿ ವಾಪಸ್ ಹೋದಳಂತಾ? ಸ್ನಾನಕ್ಕೆ ಹೋಗಿದ್ದೆ ನಾನು! ಮನುಷ್ಯ ಸ್ನಾನ ಮಾಡಬಾರದಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ನಾನಲ್ಲ, ಆಯ್ತಾ? ನೇರ ಕೇಳು, ನೇರ ಹೇಳ್ತೇನೆ.

ಈ ಹಗ್ಗ ನೋಡು. ನೋಡು ಅಂದೆ! ನಿನ್ನ ಅಮ್ಮ ಬರೋಡದಿಂದ ಕಳಿಸಿದ ಘೋಡಿಯುವಿನ ಹಗ್ಗ. ನಮ್ಮ ಊರಿನ ಮರದ ತೊಟ್ಟಿಲಿಗಿಂತ ನಿಮ್ಮ ಗುಜರಾತಿನ ಈ ಜೋಳಿಗೆ ತೊಟ್ಟಿಲು ಒಳ್ಳೆಯದು, ಅದನ್ನು ನಾನು ಯಾವತ್ತೂ ಒಪ್ಪಿದ್ದೇನೆ. ತೊಟ್ಟಿಲು ಒಳಗಿನ ಕೋಣೆಯಲ್ಲಿ, ಹಗ್ಗದ ಈ ತುದಿ ಇಲ್ಲಿ ನನ್ನ ಕಾಲಿನ ಹೆಬ್ಬೆರಳಿಗೆ. ಅವಳು ಮಗ್ಗುಲು ಬದಲಿಸಿದ್ರೆ ಸಾಕು, ಇಲ್ಲಿ ಜಗ್ಗುತ್ತದೆ. ನೀನು ಲ್ಯಾಪ್‌ಟಾಪಿನಿಂದ ತಲೆ ಎತ್ತುವ ಮೊದಲು ನಾನು ಒಳಗೆ ಹೋಗಿ ಎತ್ತಿಕೊಂಡು ಆಗಿರ್ತದೆ. ಎಷ್ಟು ಸಲ ನೋಡಿಲ್ಲ ನೀನು? ಇಷ್ಟು ಎಚ್ಚರದಲ್ಲಿ ಕಾಯುವವರು ನಿನ್ನ ಬೇಬಿ ಕೇರಿನಲ್ಲಿ ಉಂಟಾ?

ಹಾಂ. ಆ ವಿಷಯ ಮುಗೀತು.

ಇವತ್ತು ಶನಿವಾರ, ಗಂಡಸರು ಹೋಟೆಲಿನಲ್ಲಿ. ನಮ್ಮ ಪಿಕ್ಚರ್ ಹಾಕು. ಬೇರೆ ಯಾವುದು, "ಐದು ಕೊರಳಿನ ಮನೆ"! ಪ್ರಜ್ವಲ ಹಳೆಯ ಕ್ಯಾಸೆಟಿನಿಂದ ಪೆನ್ ಡ್ರೈವಿಗೆ ಹಾಕಿಸಿ ಕೊಟ್ಟಿದ್ದಾನೆ, ಟಿವಿಯ ಹಿಂದೆಯೇ ಸಿಕ್ಕಿಸಿ ಉಂಟು. ನಗ್ತೀಯಾ? ನಗು. ಎಲ್ಲರೂ ನಗ್ತಾರೆ. ನನ್ನ ಅಮ್ಮ ಉಡುಪಿಯ ಟಾಕೀಸಿಗೆ ಕರ್ಕೊಂಡು ಹೋಗಿ ತೋರಿಸಿದ ಪಿಕ್ಚರ್ ಅದು. ಬಸ್ಸಿನಲ್ಲಿ ಬರುವಾಗ ದಾರಿಯಿಡೀ ಅಮ್ಮ ಹಾಡಿಕೊಂಡೇ ಬಂದಳು, ಕಂಡಕ್ಟರ್ ಟಿಕೇಟು ಕೇಳ್ಲಿಕ್ಕೂ ಮರೆತ. ಆಮೇಲೆ ಮದುವೆಯಾಗಿ ಇಲ್ಲಿಗೆ ಬಂದೆನಲ್ಲ... ಕೆಮ್ ಛೋ, ಮಜಾಮಾ, ಅಷ್ಟೇ. ಕನ್ನಡದ ಒಂದು ಶಬ್ದಕ್ಕೆ ಕಿವಿ ಹಪಹಪಿಸ್ತಿತ್ತು. ನಿನ್ನ ಮಾವ ಊರಿಗೆ ಹೋದವರು ಸೀರೆ ತರ್ಲಿಲ್ಲ, ಈ ಕ್ಯಾಸೆಟ್ ತಂದರು. ಅವತ್ತು ನಾನು ಆ ಮನುಷ್ಯನನ್ನು ನಿಜವಾಗಿ ಇಷ್ಟಪಟ್ಟದ್ದು.

ಪ್ರಜ್ವಲನಿಗೆ ಕನ್ನಡ ಬಂದದ್ದೂ ಇದರಿಂದಲೇ, ಗೊತ್ತುಂಟಾ? ಶಾಲೆಯಲ್ಲಿ ಗುಜರಾತಿ, ಮೈದಾನದಲ್ಲಿ ಗುಜರಾತಿ, ಹೋಟೆಲಿನಲ್ಲಿ ಹಿಂದಿ. ಆದ್ರೆ ಈ ಪಿಕ್ಚರ್ ಹಾಕಿದ್ರೆ ಅದರಲ್ಲಿ ಹಾಡುವ ಐದು ಮಕ್ಕಳ ಜೊತೆ ಇವನು ಆರನೆಯವನು. ಒಂದೇ ಒಂದು ನಿಯಮ ಇತ್ತು ನಮ್ಮ ಮನೆಯಲ್ಲಿ: ಪಿಕ್ಚರ್ ನೋಡುವಾಗ ಮಾತಾಡಬಾರದು. ಹಾಡಬಹುದು. ಮಾತಾಡಬಾರದು. ನೀಲಾಳಿಗೂ ಹಾಗೆಯೇ ಕಲಿಸ್ತೇನೆ ನಾನು. ಕೆಳಗೆ ಬಿಟ್ರೆ ಅವಳ ಬಾಯಲ್ಲಿ ಮೊದಲು ಬರುವ ಶಬ್ದ ಯಾವುದೋ ಯಾರಿಗೆ ಗೊತ್ತು!

ಹಾಕಿದೆಯಾ? ಆ... ಬಂತು, ಬಂತು. ಹೆಸರು ಬಂತು. ಎಂತ, ವಾಲ್ಯೂಮಾ? ಸಾಕು ಸಾಕು, ಇಷ್ಟೇ ಇರ್ಲಿ. ಇನ್ನೂ ಕಡಿಮೆ ಮಾಡಿದ್ರೂ ಅಡ್ಡಿಯಿಲ್ಲ, ಮಗು ಎದ್ದುಬಿಡ್ತದೆ. ರಿಮೋಟ್ ನಿನ್ನ ಹತ್ರವೇ ಇರ್ಲಿ.

ಇದು ಅಪ್ಪ. ಹೆಂಡತಿ ಸತ್ತ ಮೇಲೆ ಮನೆಯಲ್ಲಿ ಯಾರೂ ಹಾಡಬಾರದು ಅಂತ ಕಟ್ಟಪ್ಪಣೆ. ಅವಳು ಹಾಡ್ತಿದ್ದಳು, ಅದಕ್ಕೆ. ಪಾಪ, ಆ ಮಕ್ಕಳು ಬಾಯಿ ಹೊಲಿದುಕೊಂಡ ಹಾಗೆ ಓಡಾಡುದು ನೋಡು... ಎಲ್ಲಿಗೆ ಹೊರಟಿ? ನೀರಾ? ಹೋಗು, ಬೇಗ ಬಾ. ಉಯ್ಯಾಲೆ ಹಾಡು ತಪ್ಪಿಸ್ಕೊಳ್ಬೇಡ.

...ಒಂದು ಲೋಟ ನೀರಿಗೆ ಎಷ್ಟು ಹೊತ್ತು ಮಾರಾಯ್ತಿ! ಒಳಗೆ ಹೋಗಿದ್ದಿಯಾ? ಹಗ್ಗ ಒಮ್ಮೆ ಜಗ್ಗಿತು, ನಾನು ಏಳ್ಬೇಕು ಅಂತಿದ್ದೆ. ನೀನೇ ಹೊದಿಕೆ ಸರಿಮಾಡಿದ್ದು ಅಂತ ಗ್ರಹಿಸಿ ಕೂತೆ. ಮಲಗಿದ್ದಾಳಲ್ಲ? ಈಗ ನೋಡು, ಹಗ್ಗ ಅಲ್ಲಾಡುದೇ ಇಲ್ಲ. ಗಡದ್ದು ನಿದ್ದೆ.

ಶ್... ಬಂತು! ಕಿರಿಯವಳು ಉಯ್ಯಾಲೆ ಹತ್ತಿದಳು. ಅಪ್ಪ ಪೇಟೆಗೆ ಹೋಗಿದ್ದಾನೆ ಅಂತ ಇವರಿಗೆ ಧೈರ್ಯ. ಈಗ ಬಾಯಿ ತೆರೀತಾಳೆ, ಈಗ...

ತೂಗಲಿ ತೂಗಲಿ ಈ ಉಯ್ಯಾಲೆ,
ತುಂಬಿದ ಮನೆಯೇ ತೂಗಲಿ...

ಹಾಡು ನೀನೂ! ನಾಚಿಕೆ ಎಂತದ್ದು? ದೊಡ್ಡವನು ಸೇರಿದ ನೋಡು, ಬಾಗಿಲಿನ ಹಿಂದಿನಿಂದ. ಈಗ ಅಡುಗೆ ಮನೆಯಿಂದ ಇನ್ನೊಬ್ಬಳು...

ತೂಗಲಿ ತೂಗಲಿ...

ಎಂತಕ್ಕೆ ಟಿವಿ ಬಿಟ್ಟು ನನ್ನ ಮೋರೆ ನೋಡುದು? ನನ್ನ ಮೋರೆಯಲ್ಲಿ ಎಂತ ಪಿಕ್ಚರ್ ಉಂಟಾ? ಅಲ್ಲಿ ನೋಡು! ಅಪ್ಪ ಬಂದುಬಿಟ್ಟ. ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದಾನೆ. ಇಲ್ಲಿ, ಇಲ್ಲಿ ಶಬ್ದವೇ ಇಲ್ಲ, ಗೊತ್ತಾಯ್ತಾ? ಬೇಕಂತಲೇ ಹಾಗೆ ಮಾಡಿದ್ದು. ಉಯ್ಯಾಲೆಯ ಸರಪಳಿ ಮಾತ್ರ ಕಿರ್... ಕಿರ್... ಅಂತದೆ. ಆಹಾ, ಆ ಕಿರ್! ಕೇಳಿತಲ್ಲ? ಎಷ್ಟು ಸ್ಪಷ್ಟ!

ಮಹಿಮಾ? ಎಂತಾಯ್ತು? ಕಣ್ಣಲ್ಲಿ ನೀರು ಬಂತಾ? ನಾನು ಹೇಳ್ಲಿಲ್ವಾ, ಯಾರು ನೋಡಿದ್ರೂ ಕಣ್ಣೀರು ಬರ್ತದೆ ಇಲ್ಲಿ... ಮತ್ತೆ ಎಂತಕ್ಕೆ ರಿಮೋಟ್ ತೋರಿಸುದು? ಎಲ್ಲಿ? ಆ ಮೂಲೆಯಲ್ಲಾ? ಅದು ಕ್ಯಾಸೆಟ್ ಕಂಪೆನಿಯವರ ಗುರುತು, ಮೊದಲಿಂದಲೂ... ಇಲ್ಲ. ಮೊದಲು ಅದು ಈಚೆ ಬದಿ ಇತ್ತು. ಇದು ಎಂತ, ಸಣ್ಣ ಸ್ಪೀಕರಿನ ಚಿತ್ರ. ಅದರ ಮೇಲೆ ಅಡ್ಡಗೆರೆ.

ಓಹೋ. ಮ್ಯೂಟ್ ಮಾಡಿದ್ದಿಯಾ! ನನಗೆ ಗೊತ್ತಿತ್ತು! ಗೊತ್ತಿದ್ದೇ ಹಾಡಿದ್ದು ನಾನು. ಮಗು ಮಲಗಿದೆ, ಮ್ಯೂಟ್ ಮಾಡಿದ್ದಾಳೆ, ಒಳ್ಳೆಯದೇ ಆಯ್ತು, ನಾನೇ ಹಾಡುವ ಅಂತ... ಸರಪಳಿಯದ್ದಾ? ಅದು... ಅದು ನೆನಪಿನಿಂದ ಹೇಳಿದ್ದು. ಬಾಯಿಪಾಠ ಅಲ್ವಾ ನನಗೆ? ಅದಕ್ಕೆಂತ ಈಗ? ಪಿಕ್ಚರ್ ಬೇರೆ, ಮಗು ಬೇರೆ! ಟಿವಿಯ ಶಬ್ದ ಯಾರಿಗೆ ಬೇಕು? ನೀಲಾ ಒಂದು ಚೂರು ಮಿಸುಕಿದ್ರೂ ನನಗೆ ತಿಳೀತದೆ. ಇಗೋ ಹಗ್ಗ! ಇಗೋ! ಅಲ್ಲಾಡ್ತಾ ಉಂಟಾ? ಇಲ್ಲ. ಮಲಗಿದ್ದಾಳೆ. ನಿಶ್ಚಿಂತೆಯಿಂದ ಮಲಗಿದ್ದಾಳೆ ನನ್ನ ಬಂಗಾರ. ಆಣೆ ಹಾಕಿ ಹೇಳ್ಲಾ?

ಎಲ್ಲಿಗೆ ಹೋಗುದು? ಮಹಿಮಾ! ಮಲಗಿದ ಮಗುವನ್ನು ಎಬ್ಬಿಸ್ಬೇಡ, ಹೇಳಿದೆ...

...ಅಯ್ಯೋ.

ಅಯ್ಯೋ, ಎಂತಾಯ್ತು ಅವಳಿಗೆ? ಮೋರೆ ಕೆಂಪು ಕೆಂಪಾಗಿದೆಯಲ್ಲ! ಕೂದಲೆಲ್ಲ ಬೆವರು... ಅಷ್ಟು ದೊಡ್ಡ ಬಾಯಿ ತೆರೆದು... ಯಾವಾಗಿಂದ ಕೂಗ್ತಾ ಇದ್ದಾಳೆ? ಹಗ್ಗ ಅಲ್ಲಾಡ್ಲೇ ಇಲ್ಲವಲ್ಲ! ನಾನು ಬೆರಳು ಕೂಡ ತೆಗೀಲಿಲ್ಲ, ದೇವರಾಣೆ... ತೊಟ್ಟಿಲಲ್ಲಿ ಇರ್ಲಿಲ್ವಾ? ಮಂಚದ ಮೇಲೆ ಮಲಗಿಸಿದ್ದಿಯಾ? ನೀರಿಗೆ ಅಂತ ಎದ್ದು ಹೋದಾಗಲಾ?

ಪರೀಕ್ಷೆ ಮಾಡಿದೆಯಾ ನನ್ನನ್ನು. ಹೆತ್ತ ಮಗುವನ್ನು ಅಳ್ಲಿಕ್ಕೆ ಬಿಟ್ಟು, ನನ್ನ ಎದುರು ಕೂತು, ನಾನು ಹಾಡುದನ್ನು ನೋಡ್ತಾ ಇದ್ದಿಯಾ? ಅಷ್ಟು ಹೊತ್ತು ನಿನ್ನ ಹೊಟ್ಟೆಗೆ ಹೇಗಾಗಿರ್ಬೇಡ... ಮಾತಾಡು. ಎಂತಕ್ಕೆ ತುಟಿ ಬಿಗಿ ಹಿಡಿದು ನಿಂತಿದ್ದಿ? ಬೈ. ಬೈದ್ರೆ ನನಗೆ ಕಾಣ್ತದೆ. ಬಾಯಿ ಮುಚ್ಚಿ ನಿಂತ್ರೆ ಎಂತ ಓದುದು ನಾನು?

ಹೌದು. ಕೇಳುದಿಲ್ಲ ನನಗೆ. ಸಾಕಾ? ನೀಲಾ ಹುಟ್ಟುವ ಮೊದಲೇ, ಹೋದ ಸಂಕ್ರಾಂತಿಗೆ, ಇಲ್ಲಿಯವರ ಉತ್ತರಾಯಣದ ದಿನ ಟೆರೇಸಿನಲ್ಲಿ ಗೊತ್ತಾದದ್ದು. ಆಕಾಶ ತುಂಬ ಗಾಳಿಪಟ, ಎಲ್ಲರ ಬಾಯಿ ತೆರೆದಿತ್ತು, ಅಷ್ಟೆತ್ತರದ ಸ್ಪೀಕರ್ ಅದುರುದು ಕಣ್ಣಿಗೆ ಕಾಣ್ತಿತ್ತು. ನನಗೆ ಮಾತ್ರ ದೂರದಲ್ಲಿ ಯಾರೋ ಹಿಟ್ಟು ಜರಡಿ ಹಿಡಿದ ಹಾಗೆ. ಈಗ ಅದೂ ಇಲ್ಲ. ನಿನ್ನ ಮಾವನಿಗೂ ಹೇಳ್ಲಿಲ್ಲ. ಡಾಕ್ಟರ ಹತ್ರ ಹೋದ್ರೆ ನಿಮಗೆಲ್ಲ ಗೊತ್ತಾಗ್ತದೆ, ಅದಕ್ಕೆ ಹೋಗ್ಲಿಲ್ಲ. ಕಿವುಡಿಯ ಕೈಗೆ ಮಗು ಯಾರು ಕೊಡ್ತಾರೆ, ಹೇಳು? ನೀನು ಕೊಡ್ತಿದ್ದಿಯಾ?

ಈ ಪಿಕ್ಚರ್ ಎಂತಕ್ಕೆ ದಿನಾ ಹಾಕು ಹಾಕು ಅಂತೇನೆ ಗೊತ್ತುಂಟಾ? ನೀವೆಲ್ಲ ದಿನಾ ಹೊಸ ಹೊಸ ಮಾತಾಡ್ತೀರಿ. ನಾನು ನಿಮ್ಮ ತುಟಿ ಹಿಂದೆ ಓಡಿ ಓಡಿ ಸುಸ್ತಾಗ್ತೇನೆ. ಇವರು ಹಾಗಲ್ಲ. ಇವರು ಅವತ್ತು ಹೇಳಿದ್ದನ್ನೇ ಇವತ್ತೂ ಹೇಳ್ತಾರೆ. ಇದು ಮುಗಿಯುವ ತನಕ ನಾನು ಕಿವುಡಿ ಅಲ್ಲ ಮಹಿಮಾ. ಎಲ್ಲ ಕೇಳ್ತದೆ ನನಗೆ. ಅಮ್ಮ ಬಸ್ಸಿನಲ್ಲಿ ಹಾಡಿದ್ದೂ ಕೇಳ್ತದೆ.

ಈ ಮಗುವಿನ ಸ್ವರ ಹೇಗುಂಟು ಅಂತ ಮಾತ್ರ ನನಗೆ ಗೊತ್ತಿಲ್ಲ. ಒಮ್ಮೆಯೂ ಕೇಳ್ಲಿಲ್ಲ. ಅಜ್ಜಿ ಅಂತ ಕರೆದ್ರೆ ತುಟಿಯಲ್ಲಿ ಕಾಣ್ತದೆ, ಕನ್ನಡದ ತುಟಿ ನನಗೆ ಗೊತ್ತು. ಕೆಳಗೆ ಬಿಟ್ಟು, ಅವಳು ಗುಜರಾತಿಯಲ್ಲಿ ಕರೆದ್ರೆ... ನಾನು ಎದುರೇ ಕೂತಿದ್ದೂ ತಿರುಗಿ ನೋಡ್ಲಿಕ್ಕಿಲ್ಲವಲ್ಲ. ಅದೇ ಹೆದರಿಕೆ ನನಗೆ. ಬೇರೆ ಎಂತದ್ದೂ ಅಲ್ಲ.

ಸೋಮವಾರ ಕೆಳಗೆಯೇ ಬಿಡು. ನಾನೇ ಹೇಳ್ತಾ ಇದ್ದೇನೆ. ಇವತ್ತು ಮಂಚದಿಂದ ಉರುಳಿ ಬಿದ್ದಿದ್ರೂ ನಾನು ಉಯ್ಯಾಲೆ ಹಾಡು ಹಾಡ್ತಾ ಇರ್ತಿದ್ದೆ... ಬೇಡ. ಕೆಳಗೆಯೇ ಬಿಡು.

ಈಗ ಒಮ್ಮೆ ಕೊಡು ಅವಳನ್ನು. ನೀನು ಇಲ್ಲಿಯೇ ಇದ್ದಿಯಲ್ಲ, ಎಂತ ಹೆದರಿಕೆ? ...ಬಾ ಮಗಾ, ಬಾ ನನ್ನ ಬಂಗಾರ. ಇಲ್ಲಿ ಎದೆಗೆ. ಹಾಂ... ಅಳುದು ಎಲುಬಿಗೆ ತಾಗ್ತದೆ ನೋಡು. ಇದು ನನಗೆ ಗೊತ್ತಾಗ್ತದೆ.

ಮಹಿಮಾ, ವಾಲ್ಯೂಮ್ ಕೊಡು. ನನಗಲ್ಲ, ಇವಳಿಗೆ. ಕಡೆಯ ಹಾಡು ಬರ್ತದೆ, ಪಂಕ್ತಿಯಲ್ಲಿ ಊಟಕ್ಕೆ ಕೂತಲ್ಲಿ ಅಪ್ಪನೇ ಹಾಡುದು. ಕೊಟ್ಟೆಯಾ? ಇರು, ನೀನು ಹೇಳ್ಬೇಡ. ಇವಳ ಮೋರೆ ನೋಡ್ತೇನೆ.

...ನಿಲ್ಲಿಸಿದಳು. ಟಿವಿ ಕಡೆ ತಿರುಗಿದಳು, ನೋಡು, ನೋಡು! ಬಂತಲ್ಲ ಮಹಿಮಾ? ಹಾಡು ಬಂತಲ್ಲ?