ಮರುಳಪ್ಪನವರ ಸ್ಪಂಜಿನ ಡಬ್ಬಿ

ರಾತ್ರಿ ಹತ್ತು ದಾಟಿತ್ತು. ರಾಯದುರ್ಗದ ಕೋಟೆ ಬೆಟ್ಟದ ಕೆಳಗೆ ಒಂದು ಹಾಳು ಬಾವಿ, ಅದರ ಪಕ್ಕ ಆಲದಮರ... ನನ್ನ ಚಿಕ್ಕಮ್ಮನ ಮಗಳು ಉಷಾ ಅಲ್ಲಿ ಒಬ್ಬಳೇ ನಡೆದು ಬರುತ್ತಿದ್ದಳು. ಮುಷ್ಟಿಯಲ್ಲಿ ಮರುಳಪ್ಪನವರ ಆಫೀಸಿನ ಬೀಗದಕೈ. ಬೀಗ ಹಾಕಿ, ಜಗ್ಗಿ ನೋಡಿ ಬಂದವಳೂ ಅವಳೇ. ಮಹಡಿಯ ಮೇಲಿನ ಅದೇ ಆಫೀಸಿನ ಕಿಟಕಿಯಿಂದ ಸದ್ದು ಬಂತು.

ಚಪ್... ಸರ್ರ್. ಚಪ್... ಸರ್ರ್.

ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಹಾಳೆ ತಿರುವುವ ಸದ್ದು. ಮರುಳಪ್ಪನವರು ಸತ್ತು ಆಗಲೇ ಎರಡು ತಿಂಗಳು.

ಹಾಳೆಯ ಸದ್ದು ಬೀದಿಗೆ ಕೇಳುತ್ತದೆಯೇ ಅಂತ ನೀವು ಕೇಳುತ್ತೀರಿ. ನಾಲ್ಕಾರು ದೇಶ ಸುತ್ತಿದ ನಾನೂ ಕೇಳಿದೆ. "ಕೇಳ್ಸ್ತು ಕಣಕ್ಕ" ಅಂದಳು. ಅಷ್ಟೇ.

ಮರುಳಪ್ಪನವರು ಅರ್ಧ ಊರಿಗೆ ಸೈಟು ಮಾರಿದವರು, ಮಿಕ್ಕರ್ಧಕ್ಕೆ ನೀರಿನ ಟ್ಯಾಂಕು, ಮದುವೆ ಛತ್ರ ಕಟ್ಟಿಸಿಕೊಟ್ಟವರು. ಮಡಕಶಿರದಲ್ಲಿ ಉಷಾ ವಾರ್ಡನ್ ಆಗಿರುವ ಹೆಣ್ಣುಮಕ್ಕಳ ಹಾಸ್ಟೆಲ್ ನಿಂತಿರುವುದೂ ಅವರು ದಾನ ಕೊಟ್ಟ ಜಾಗದಲ್ಲಿ. ರಿಜಿಸ್ಟರ್ ಮಾಡಿಸಿರಲಿಲ್ಲ. ದಾನಪತ್ರ ಬರೆದು ಸಹಿ ಹಾಕಿ, "ನನ್ನತ್ರಾನೇ ಇರ್ಲಿ" ಅಂದಿದ್ದರಂತೆ. ಅವರು ಹೋದಮೇಲೆ ಮಗ ವಾಗೀಶ್ ಅಡ್ಡ ನಿಂತ.

"ಅಪ್ಪನ ಸಹಿ ತೋರಿಸ್ರಿ ಮೇಡಂ, ಸುಮ್ನಾಗ್ತೀನಿ. ಇಲ್ಲಾಂದ್ರ ಖಾಲಿ ಮಾಡ್ರಿ. ಕೊಳ್ಳೋ ಪಾರ್ಟಿ ಬಂದೈತಿ."

ಆಫೀಸಿನಲ್ಲಿ ನಾಲ್ಕು ಟ್ರಂಕು ಕಾಗದ. ಕ್ರಯಪತ್ರದ ಮಡಿಕೆಯಲ್ಲಿ ಮೊಮ್ಮಗಳ ಜಾತಕ, ಲೇಔಟ್ ನಕ್ಷೆಯೊಳಗೆ ಬಿಪಿ ಮಾತ್ರೆಯ ಚೀಟಿ. ದಸರಾ ರಜೆಗೆ ಉಷಾ ದಾನಪತ್ರ ಹುಡುಕಲು ಬಂದು ಕೂತಳು. ವ್ಯವಹಾರದ್ದು ಒಂದು ಕಡೆ, ಮನೆಯದ್ದು ಒಂದು ಕಡೆ. ಸಂಜೆ ಜೋಡಿಸಿಟ್ಟು ಹೋದರೆ ಬೆಳಿಗ್ಗೆ ಎಲ್ಲ ಕಲಸಿದ ಅನ್ನ. ಮೇಜಿನ ಮೇಲಿನ ಡಬ್ಬಿಯ ಒಣ ಸ್ಪಂಜು ಒದ್ದೆ. ದಿನಾ ಇದೇ ಗೋಳು. ಹೆದರಿಕೆಗಿಂತ ಸಿಟ್ಟೇ ಹೆಚ್ಚು ಅವಳಿಗೆ. "ಬದುಕಿದ್ದಾಗ್ಲೂ ಹಿಂಗೇ, ಸತ್ಮೇಲೂ ಹಿಂಗೇನಾ ನಿಮ್ದು?" ಅಂತ ಖಾಲಿ ಕುರ್ಚಿಗೆ ಬೈದಳಂತೆ.

ಆ ರಾತ್ರಿ ಮಾತ್ರ ಆಲದಮರದಿಂದ ವಾಪಸ್ ಓಡಿದಳು. ಆಫೀಸಿನ ಕೆಳಗೇ ಮನೆ. ಮರುಳಪ್ಪನವರ ಹೆಂಡತಿ ಕೊಟ್ರಮ್ಮನವರನ್ನು ಎಬ್ಬಿಸಿದಳು. ಇಬ್ಬರೂ ಮೆಟ್ಟಿಲ ಮೇಲೆ ನಿಂತರು.

"ಕೇಳ್ತೈತಾ ದೊಡ್ಡಮ್ಮ?"

"ಶ್... ನಮ್ಮೋರ ಬೆರಳೇ ಅದು."

ಬೀಗ ತೆಗೆದರು. ಸದ್ದು ನಿಂತಿತು. ಒಳಗೆ ಯಾರೂ ಇಲ್ಲ... ಕೊಟ್ರಮ್ಮನವರು ಟಾರ್ಚು ಬಿಟ್ಟು ನೋಡುತ್ತ ಒಂದು ಫೈಲಿನಿಂದ ಕಾರ್ಡು ಎಳೆದರು.

"ಏನವ್ವ ಇದು?"

"ಅವರ ತಿಥಿ ಕಾರ್ಡು. ದಾಖಲೆಗೆ ಇರ್ಲಿ ಅಂತ..."

"ಥೂ ನಿನ್ನ! ಸಾವಿನ ಕಾರ್ಡು ಓದಿ ಹೊರಗೇ ಹರಿದು ಒಗೀಬೇಕು. ಅಷ್ಟು ಓದಿದಾಕಿ, ಇಷ್ಟು ಗೊತ್ತಿಲ್ಲೇನು? ಒಳಗ ಇಟ್ಕೊಂಡ್ರ ಹೋದೋರು ಹೋಗೋದು ಹೆಂಗ?"

ಆಲದಮರದ ಕೆಳಗೆ ನಿಂತು ಉಷಾ ಕಾರ್ಡು ಹರಿದಳು. ಮರುದಿನ ಒಂದು ಹಾಳೆಯೂ ಅಲುಗಿರಲಿಲ್ಲ. ಸ್ಪಂಜು ಕಲ್ಲಿನ ಹಾಗೆ ಒಣಗಿತ್ತು. ರಜೆ ಮುಗಿಯುವುದರೊಳಗೆ ನಾಲ್ಕೂ ಟ್ರಂಕು ಜೋಡಿಸಿ ಮುಗಿಸಿದಳು. ದಾನಪತ್ರ ಸಿಗಲಿಲ್ಲ.

ಆಗ ಅವಳಿಗೆ ಹೊಳೆಯಿತು. ಅಷ್ಟೂ ರಾತ್ರಿ ಮರುಳಪ್ಪನವರು ಹುಡುಕುತ್ತಿದ್ದದ್ದು ಏನನ್ನು?

ನಾನಾಗ ಇಸ್ತಾನ್‌ಬುಲ್ ವಿಮಾನ ನಿಲ್ದಾಣದಲ್ಲಿದ್ದೆ. ಫೋನು ಬಂತು. "ಅಕ್ಕ, ನಿಂಗೆ ಬಂದಿದ್ ತಿಥಿ ಕಾರ್ಡ್ ಐತಾ? ಫೈಲಲ್ಲಿ ವಾಪಸ್ ಇಡ್ಬೇಕು, ಅವ್ರು ಬರ್ಲಿ."

"ಅದನ್ನ ಯಾರಾದ್ರೂ ಇಟ್ಕೋತಾರೇನೆ? ಗೇಟಲ್ಲೇ ಹರಿದೆ."

ಆ ಕಡೆಯಿಂದ ಅಳು ಕೇಳಲಿಲ್ಲ. ಹಲ್ಲು ಕಡಿದ ಸದ್ದು ಕೇಳಿತು.

ರಜೆ ಮುಗಿಸಿ ಹೊರಡುವಾಗ ಉಷಾ ಕೊಟ್ರಮ್ಮನವರನ್ನು ಕೇಳಿ ಆ ಸ್ಪಂಜಿನ ಡಬ್ಬಿಯನ್ನು ಮಾತ್ರ ಮಡಕಶಿರಕ್ಕೆ ತಂದು ತನ್ನ ಮೇಜಿನ ಮೇಲಿಟ್ಟಳು. ಸಂಕ್ರಾಂತಿ ಕಳೆದು ವಾಗೀಶ್ ಜಾಗ ತೋರಿಸಲು ಪಾರ್ಟಿಯನ್ನು ಕರೆದು ತಂದ. ವಾರ್ಡನ್ ರೂಮಿನಲ್ಲಿ ಕೂತು ರೇಟು ಹೇಳುತ್ತಿದ್ದವನು ನಡುವೆ ನಿಲ್ಲಿಸಿದ. ಡಬ್ಬಿಯನ್ನೇ ನೋಡಿದ. ಉಷಾಗೆ ಏನೂ ಕೇಳಿಸಲಿಲ್ಲವಂತೆ. ಅವನಿಗೇನು ಕೇಳಿಸಿತೋ... "ಆಮ್ಯಾಲ ಮಾತಾಡಾಣ್ರಿ" ಅಂತ ಎದ್ದವನು ಇವತ್ತಿನವರೆಗೂ ಬಂದಿಲ್ಲ. ದಾನಪತ್ರವೂ ಸಿಕ್ಕಿಲ್ಲ. ಗೇಟಿನ ಹತ್ತಿರ ಕಾರು ನಿಂತರೆ ಉಷಾ ಈಗಲೂ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಾಳೆ.

ಹೋದ ಮೇ ತಿಂಗಳಲ್ಲಿ ನಾನೇ ಹೋಗಿದ್ದೆ. ಹುಡುಗಿಯರಿಗೆ ರಜೆ, ಹಾಸ್ಟೆಲ್ ಮುಚ್ಚಿ ತಿಂಗಳಾಗಿತ್ತು. ಉಷಾ ನನ್ನೆದುರಿಗೇ ಬೀಗ ತೆಗೆದಳು. ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.

ಸ್ಪಂಜು ಮುಟ್ಟಿ ನೋಡಿದೆ. ನಂಬಿ, ಬಿಡಿ. ಒದ್ದೆಯಾಗಿತ್ತು.