ಬಿರ್ಥೆಯ ಕುರ್ಚಿ

ನಂಬದಿದ್ದರೆ ಬಿಡಿ... ಆದರೆ ಇದು ನಡೆದದ್ದು. ನಮ್ಮ ಪಕ್ಕದ ಮನೆಯ ಅಸ್ಗರ್‌ಗೇ ನಡೆದದ್ದು.

ಡಿಸೆಂಬರಿನಲ್ಲಿ ನಮ್ಮ ಡೆನ್ಮಾರ್ಕಿನಲ್ಲಿ ಸಂಜೆ ನಾಲ್ಕಕ್ಕೇ ಕಗ್ಗತ್ತಲು. ದ್ವೀಪಕ್ಕೆ ದೋಣಿ ಬಿಡುವ ಫೆರಿ ಕಂಪನಿಯ ವೆಬ್‌ಸೈಟ್ ನೋಡಿಕೊಳ್ಳುವ ಈ ಮಹಾಶಯ ಕಚೇರಿಗೆ ಬೀಗ ಜಡಿದು, ಚರ್ಚಿನ ಹಳೇ ಬಾವಿಯ ಹಾದಿ ಹಿಡಿದಿದ್ದ. ಬಿರುಗಾಳಿ. ಸಂಜೆಯ ಫೆರಿ ರದ್ದಾಗಿತ್ತು. ವೇಳಾಪಟ್ಟಿಯ ಹೊಸ ಫೈಲನ್ನು ತಾನೇ ಹಾಕಿ ಬಂದಿದ್ದ.

ಅದನ್ನು ಜನರಿಗೆ ಹಂಚುವುದು ವೆಬ್‌ಸೈಟಿಗೂ ಜನರ ಫೋನಿಗೂ ನಡುವೆ ಕೂತಿರುವ ಪ್ರಾಕ್ಸಿ ಯಂತ್ರ. ಒಮ್ಮೆ ತಂದ ಫೈಲಿನ ಪ್ರತಿ ಇಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ. ಪಟ್ಟಿ ಬದಲಾದರೆ ಅದರ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಸಂಖ್ಯೆಯೂ ಬದಲಾಗುತ್ತದೆ. ಸಂಖ್ಯೆ ಹೊಸದಾದರೆ ಫೈಲನ್ನೂ ಹೊಸದಾಗಿ ತರಬೇಕೆಂದು ಯಂತ್ರಕ್ಕೆ ಕಲಿಸಿದ್ದವಳು ಅಸ್ಗರ್‌ಗಿಂತ ಮೊದಲು ಅದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಬಿರ್ಥೆ. ಗಿಡ್ಡ ಹೆಂಗಸು, ಬಿಡುವಾದಾಗ ಸ್ವೆಟರ್ ಹೆಣೆಯುತ್ತಿದ್ದಳು. ಬೇಸಿಗೆಯಲ್ಲಿ ತೀರಿಕೊಂಡಳು.

"ಒಂದೇ ಫೈಲಿಗೆ ಮುದುಕಿ ನೂರು ಪ್ರತಿ ಇಟ್ಕೊಂಡಿದಾಳೆ, ದಡ್ಡಿ" ಎಂದು ನಕ್ಕು, ಆ ಚಿಹ್ನೆಯ ನಂತರದ್ದನ್ನೆಲ್ಲ ಲೆಕ್ಕಿಸಬೇಡ ಅಂತ ಯಂತ್ರಕ್ಕೆ ಅವತ್ತು ಬೆಳಗ್ಗೆಯಷ್ಟೇ ಹೇಳಿಟ್ಟಿದ್ದ ಅಸ್ಗರ್. ಮಹಾ ಬುದ್ಧಿವಂತ.

ಬಾವಿಯ ಹತ್ತಿರ ಫೋನು ರಿಂಗಾಯಿತು. ದ್ವೀಪದಿಂದ ಅಪ್ಪ.

"ಜೆಟ್ಟಿ ತುದೀಲಿದೀನಿ ಕಣೋ. ಅಲೆ ಮೊಣಕಾಲಿಗೆ ಹೊಡೀತಿದೆ. ಫೆರಿ ಎಲ್ಲಿ?"

"ರದ್ದಾಗಿದೆ ಅಪ್ಪ. ಮನೆಗೆ ಹೋಗು."

"ಫೋನಲ್ಲಿ ಬರುತ್ತೆ ಅಂತಿದೆಯಲ್ಲ? ಬಿರ್ಥೆಯ ಪಟ್ಟಿ ಯಾವತ್ತೂ ಸುಳ್ಳು ಹೇಳಿಲ್ಲ. ನಿನ್ನ ಮಾತು ಕೇಳಿ ಯಾರು ಉದ್ಧಾರ ಆಗಿದಾರೆ?"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲಿಲ್ಲ. ಆಗ ಹೊಳೆಯಿತು ಮಹಾಶಯನಿಗೆ... ಹೊಸ ಸಂಖ್ಯೆಯನ್ನು ಯಂತ್ರ ನೋಡುತ್ತಲೇ ಇಲ್ಲ. ಹಳೇ ಪಟ್ಟಿಯನ್ನೇ ಹಂಚುತ್ತಿದೆ. ಅಪ್ಪ ಅದನ್ನೇ ನಂಬಿ ನಿಂತಿದ್ದಾನೆ.

ಬಾವಿಯ ಒಳಗಿನಿಂದ ಸದ್ದು. ಟಿಕ್... ಟಿಕ್... ಟಿಕ್. ಹೆಣೆಯುವ ಕಡ್ಡಿಗಳು ಒಂದಕ್ಕೊಂದು ತಾಗುವ ಸದ್ದು.

"ನಾ ಯಂತ್ರಕ್ಕೆ ಕಲಿಸಿದ್ದನ್ನ ತೆಗೆದುಬಿಟ್ಯಾ, ಮರಿ?"

"ತಪ್ಪಾಯ್ತು..."

"ಗೊತ್ತಿತ್ತು. ನಿನ್ನ ಯೋಗ್ಯತೆ ಅಷ್ಟೇ."

ಟಿಕ್ ಟಿಕ್ ನಿಂತಿತು. ಅಸ್ಗರ್ ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದ. ಹಾಕಿದ ಬೀಗ ಹಾಗೇ ಇತ್ತು. ಇದ್ದ ಒಂದೇ ಕೀಲಿ ಅವನ ಜೇಬಿನಲ್ಲಿತ್ತು. ಬಾಗಿಲು ತೆರೆಯುತ್ತಿದ್ದ ಹಾಗೇ ಮತ್ತೆ ಅಪ್ಪನ ಫೋನು.

"ಈಗ ರದ್ದು ಅಂತ ಬಂತು ನೋಡು. ಹೊರಟೆ ಮನೆಗೆ."

ಅಸ್ಗರ್ ಇನ್ನೂ ಕೀಬೋರ್ಡ್ ಮುಟ್ಟಿರಲಿಲ್ಲ. ಪರದೆಯ ಮೇಲೆ ಎಲ್ಲವೂ ಬಿರ್ಥೆ ಇಟ್ಟಿದ್ದಂತೆಯೇ ಇತ್ತು.

ಅವನು ಆರಡಿ ಮೀರಿದ ಆಳು. ತನ್ನ ಎತ್ತರಕ್ಕೆ ಏರಿಸಿಟ್ಟಿದ್ದ ಕುರ್ಚಿ ಪೂರ್ತಿ ಕೆಳಗಿಳಿದಿತ್ತು... ಗಿಡ್ಡ ಹೆಂಗಸಿನ ಕಾಲು ನೆಲಕ್ಕೆ ಎಟುಕುವಷ್ಟು. ಇವತ್ತಿಗೂ ಅದನ್ನು ಏರಿಸುವ ಧೈರ್ಯ ಅವನಿಗಿಲ್ಲ. ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುರಿಕೊಂಡು ಕೂತು ಕೆಲಸ ಮಾಡುತ್ತಾನೆ. ಸುಳ್ಳಲ್ಲ... ನಾನೇ ಕಣ್ಣಾರೆ ನೋಡಿದ್ದೇನೆ.